ಶಾಲೆಯ ಗೋಡೆಯ ಮೇಲಣ ಸತ್ಯ

2024ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ನಮ್ಮ ರಾಜ್ಯದ ವಿಧಾನಸಭೆಯಲ್ಲಿಯೂ ವರ್ತಮಾನಪತ್ರಗಳಲ್ಲಿಯೂ ಎದ್ದ ಒಂದು ವಿವಾದವನ್ನು ವಾಚಕರು ಇನ್ನೂ ಮರೆತಿರಲಾರರು. ಸಮಾಜ ಕಲ್ಯಾಣ ಇಲಾಖೆಯ ಕೈಕೆಳಗಿನ ವಸತಿ ಶಾಲೆಗಳ ಬಾಗಿಲಲ್ಲಿ ಬಹುಕಾಲದಿಂದ ಒಂದು ವಾಕ್ಯವನ್ನು ಬರೆದಿದ್ದರು. ಶಾಲೆಯು ಜ್ಞಾನದ ಗುಡಿಯಾದುದರಿಂದ ಒಳಗೆ ಬರುವವನು ಕೈಜೋಡಿಸಿಕೊಂಡು ಬರಬೇಕೆಂಬುದು ಅದರ ಅಭಿಪ್ರಾಯ. ಆ ವಾಕ್ಯದ ಉತ್ತರಾರ್ಧವನ್ನು ಅಳಿಸಿ, ವಿದ್ಯಾರ್ಥಿಯು ಧೈರ್ಯದಿಂದ ಪ್ರಶ್ನೆ ಕೇಳಬೇಕೆಂಬ ಅರ್ಥದ ಮಾತನ್ನು ಅಲ್ಲಿ ಬರೆಯಿಸಲಾಯಿತು. ಗೋಡೆಯ ಬಣ್ಣ ಒಣಗುವ ಮೊದಲೇ ಬೆಂಗಳೂರಿನಲ್ಲಿ ಮಾತಿನ ಮಳೆ ಸುರಿಯಿತು. ಸಂಸ್ಕೃತಿಯ ಮೇಲೆ ಕೈಯಿಟ್ಟರೆಂದು ವಿರೋಧಪಕ್ಷದವರು, ಪ್ರಶ್ನೆಯಿಲ್ಲದೆ ವಿದ್ಯೆಯಿಲ್ಲವೆಂದು ಸರಕಾರದ ಪಕ್ಷದವರು. ಹದಿನೈದು ದಿನಗಳೊಳಗೆ ಮಳೆ ನಿಂತಿತು. ಮೋಡ ಬೇರೆ ದಿಕ್ಕಿಗೆ ಹೋಯಿತು. ಮಕ್ಕಳು ಮಾತ್ರ ಅದೇ ಬಾಗಿಲಿನಿಂದ ಒಳಗೆ ಹೋಗುತ್ತ ಹೊರಗೆ ಬರುತ್ತ ಇದ್ದಾರೆ.

ಗದ್ದಲದ ಕಾಲದಲ್ಲಿ ಹೇಳಿದ ಮಾತು ಯಾವುದಾದರೊಂದು ಪಕ್ಷದ ಖಾತೆಗೆ ಜಮೆಯಾಗಿಬಿಡುವುದೆಂಬ ಕಾರಣದಿಂದ ಆಗ ನಾವು ಹೆಚ್ಚೇನೂ ಬರೆಯಲಿಲ್ಲ. ಈಗ ಬರೆಯಬಹುದು. ಪುತ್ತೂರು, ಸುಳ್ಯ, ಮತ್ತು ಈ ಎರಡರಿಂದ ಬೇರ್ಪಟ್ಟು ಹೊಸ ತಾಲೂಕಾದ ಕಡಬ, ಈ ಮೂರು ಕಡೆಗಳ ಅಧ್ಯಾಪಕರೂ ಹೆತ್ತವರೂ ಅನೇಕರು ನಮ್ಮ ಕಾರ್ಯಾಲಯಕ್ಕೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಸಾರ್ವಜನಿಕ ಶಾಲೆಯ ಗೋಡೆಯ ಮೇಲೆ ಏನು ಬರೆಯತಕ್ಕದ್ದು? ಅದನ್ನು ಯಾರು ನಿರ್ಣಯಿಸತಕ್ಕದ್ದು?

ಮೊದಲು ಹಳೆಯ ವಿವಾದದ ವಿಚಾರವಾಗಿ ಎರಡು ಮಾತು. ಕೈಮುಗಿಯುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ವಿರೋಧವುಂಟೆಂದು ತಿಳಿದವರು ಉಭಯಪಕ್ಷಗಳಲ್ಲಿಯೂ ಇದ್ದರು. ಪಾಠಶಾಲೆಯಲ್ಲಿ ಸ್ವಲ್ಪ ಕಾಲವಾದರೂ ಕುಳಿತವನಿಗೆ ಈ ವಿರೋಧವು ಕಾಣದು. ನಮ್ಮ ಉಪನಿಷತ್ತುಗಳಲ್ಲಿ ಬಹುಭಾಗವು ಶಿಷ್ಯರ ಪ್ರಶ್ನೆಗಳಿಂದಲೇ ಹುಟ್ಟಿದ್ದು. ಮುಂಡಕೋಪನಿಷತ್ತನ್ನೇ ತೆಗೆದುಕೊಳ್ಳೋಣ. ಶೌನಕನೆಂಬ ದೊಡ್ಡ ಗೃಹಸ್ಥನು ಅಂಗಿರಸನ ಬಳಿಗೆ ವಿಧಿಪೂರ್ವಕವಾಗಿ ಹೋದನು. ಹೋದವನು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಯಾವುದೊಂದನ್ನು ಅರಿತರೆ ಎಲ್ಲವನ್ನೂ ಅರಿತಂತಾಗುವುದೆಂದು ನೇರವಾಗಿ ಕೇಳಿದನು. ಆ ಪ್ರಶ್ನೆಗೆ ಕೊಟ್ಟ ಉತ್ತರವೇ ಆ ಉಪನಿಷತ್ತು. ವಿಧಿಪೂರ್ವಕವಾಗಿ ಹೋದದ್ದು ಕೈಮುಗಿದ ಭಾಗ. ಕೇಳಿದ್ದು ಧೈರ್ಯದ ಭಾಗ. ಒಂದೇ ಮನುಷ್ಯನು ಒಂದೇ ದಿನದಲ್ಲಿ ಎರಡನ್ನೂ ಮಾಡಿದನು. ನಮ್ಮ ಶಾಸಕರಿಗೆ ಇದು ಇಷ್ಟೊಂದು ಕಷ್ಟವಾಗಿ ತೋರಿದ್ದು ಆಶ್ಚರ್ಯ.

ಆಕ್ಷೇಪಿಸತಕ್ಕ ಸಂಗತಿಯು ಬೇರೆಯೇ ಇತ್ತು. ಶಾಲೆಯ ಬಾಗಿಲಲ್ಲಿ ಬರೆದ ಮಾತನ್ನು ಅಲ್ಲಿಯ ಅಧ್ಯಾಪಕರನ್ನು ಕೇಳದೆ, ಹೆತ್ತವರಿಗೆ ತಿಳಿಸದೆ, ಮೇಲಿನಿಂದ ಬಂದ ಸೂಚನೆಯ ಬಲದಿಂದ ಅಳಿಸುವ ಪದ್ಧತಿ ಒಳ್ಳೆಯದಲ್ಲ. ಧೈರ್ಯದಿಂದ ಪ್ರಶ್ನಿಸು ಎಂಬ ವಾಕ್ಯವನ್ನು ಪ್ರಶ್ನೆಗೆ ಎಡೆಯಿಲ್ಲದ ರೀತಿಯಲ್ಲಿ ಬರೆಯಿಸಿದರೆ, ಅದನ್ನು ಬರೆದ ಪೈಂಟರನೇ ಮೊದಲು ನಗುವನು. ಇಂದು ಒಬ್ಬರು ಅಳಿಸಿದ್ದನ್ನು ನಾಳೆ ಬಂದವರು ಮತ್ತೆ ಬರೆಯಿಸುವರು. ಫ್ರಾನ್ಸ್ ದೇಶದಲ್ಲಿ ಹೀಗಾದದ್ದು ಇತಿಹಾಸ ಓದಿದವರಿಗೆ ತಿಳಿದೇ ಇದೆ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಆ ರಾಷ್ಟ್ರದ ಮೂರು ಮಾತುಗಳನ್ನು 1940ರಲ್ಲಿ ಜರ್ಮನರಿಗೆ ಶರಣಾದ ವಿಶೀ ಸರಕಾರದವರು ತೆಗೆದುಹಾಕಿ, ದುಡಿಮೆ, ಕುಟುಂಬ, ಪಿತೃಭೂಮಿ ಎಂಬ ಬೇರೆ ಮೂರನ್ನು ಇಟ್ಟರು. ಆ ಮೂರು ಮಾತುಗಳಲ್ಲಿ ತಪ್ಪೇನಿದೆ? ಒಂದೊಂದೂ ಒಳ್ಳೆಯ ಮಾತೇ. ಆದರೂ 1944ರಲ್ಲಿ ದೇಶವು ಬಿಡುಗಡೆಯಾದೊಡನೆ ಜನರು ಹಳೆಯದನ್ನೇ ಮರಳಿ ಪಡೆದರು. ಮಾತಿನ ಬೆಲೆಯು ಅದರ ಅರ್ಥದಲ್ಲಿ ಎಷ್ಟಿದೆಯೋ ಅದನ್ನು ಬರೆದ ಕೈಯಲ್ಲಿಯೂ ಅಷ್ಟೇ ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಆದಕಾರಣ ಯಾವ ಪಕ್ಷದವರೂ ತಮ್ಮದೆಂದು ಹೇಳಿಕೊಳ್ಳಲಾಗದ, ಯಾವ ಸರಕಾರವೂ ಅಳಿಸಲಾಗದ ಒಂದು ವಾಕ್ಯವು ಶಾಲೆಯಲ್ಲಿ ಇರಬೇಕಾದರೆ, ಅದು ರಾಷ್ಟ್ರದ ಧ್ಯೇಯವಾಕ್ಯವಾದ ‘ಸತ್ಯಮೇವ ಜಯತೇ’ ಎಂಬುದೇ ಎಂದು ನಮ್ಮ ಅಭಿಪ್ರಾಯ. ಅಂಗಿರಸನು ಶೌನಕನಿಗೆ ಹೇಳಿದ ಆ ಮುಂಡಕೋಪನಿಷತ್ತಿನ ಮೂರನೆಯ ಮುಂಡಕದಲ್ಲಿಯೇ ಈ ಮಾತು ಬರುತ್ತದೆಂಬುದನ್ನು ಎರಡೂ ಪಕ್ಷದವರು ಗಮನಿಸಿದ್ದರೆ ವಿಧಾನಸಭೆಯ ಅಷ್ಟೊಂದು ಹೊತ್ತು ಉಳಿಯುತ್ತಿತ್ತು. ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ಇದನ್ನು ಜನರ ಬಾಯಿಗೆ ತಂದವರಲ್ಲಿ ಪಂಡಿತ ಮದನಮೋಹನ ಮಾಲವೀಯರ ಹೆಸರನ್ನು ಮುಖ್ಯವಾಗಿ ಹೇಳುತ್ತಾರೆ. 1950ನೆಯ ಜನವರಿ 26ರಂದು ಭಾರತವು ಗಣರಾಜ್ಯವಾದಾಗ ಸಾರನಾಥದ ಸಿಂಹಶಿಖರವನ್ನು ರಾಷ್ಟ್ರಲಾಂಛನವಾಗಿ ಸ್ವೀಕರಿಸಿ, ಅದರ ಕೆಳಗೆ ಈ ವಾಕ್ಯವನ್ನು ನಾಗರೀ ಲಿಪಿಯಲ್ಲಿ ಬರೆಯಿಸಿದರು. ಸಿಂಹಗಳು ಅಶೋಕನವು; ವಾಕ್ಯವು ಅಶೋಕನದಲ್ಲ. 1905ರ ಸುಮಾರಿಗೆ ಸಾರನಾಥದಲ್ಲಿ ಅಗೆದು ತೆಗೆದ ಆ ಕಲ್ಲಿನಲ್ಲಿ ಇಂತಹ ಮಾತೇನೂ ಇಲ್ಲ. ಬೌದ್ಧನಾದ ಅರಸನ ಕಂಬದ ಕೆಳಗೆ ವೇದಾಂತದ ಮಾತನ್ನು ಇಟ್ಟು ಎರಡನ್ನೂ ಇಡೀ ಜನತೆಗೆ ಸೇರಿದ್ದಾಗಿ ಮಾಡಿದ್ದು ನಮ್ಮ ಕಾಲದವರ ಕೆಲಸ. ಒಳ್ಳೆಯ ಕೆಲಸವೇ.

ಅಶೋಕನು ಇಂತಹ ಮಾತನ್ನು ಬೇರೆಡೆ ಬರೆಯಿಸಲಿಲ್ಲವೆಂದು ಮಾತ್ರ ತಿಳಿಯಕೂಡದು. ಬರೆಯಿಸಿದನು, ಮತ್ತು ಕನ್ನಡನಾಡಿನಲ್ಲಿಯೇ ಬರೆಯಿಸಿದನು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಕಂಡುಹಿಡಿದ ಶಾಸನವು ಈಗಲೂ ಬಂಡೆಯ ಮೇಲಿದೆ. ತಾಯಿತಂದೆಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದು ಅದರ ತಾತ್ಪರ್ಯ. ಇಂದಿಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಸರಕಾರದ ಖರ್ಚಿನಲ್ಲಿ, ಬಯಲಿನಲ್ಲಿ, ಬರುಹೋಗುವವರೆಲ್ಲರ ಕಣ್ಣಿಗೆ ಬೀಳುವಂತೆ ಕೆತ್ತಿದ ಧ್ಯೇಯವಾಕ್ಯ ಇದು. ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿರುವುದರಿಂದ ಇನ್ನೊಂದು ಮಾತು. ಆ ಶಾಸನವು ಸುವರ್ಣಗಿರಿಯಿಂದ ರಾಜಕುಮಾರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ; ಅಂದರೆ ಈಗಿನ ಭಾಷೆಯಲ್ಲಿ ಸುತ್ತೋಲೆ. ಆಜ್ಞೆಗೆ ಮೊದಲು ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿದ್ದಾರೆ. ಈಗಿನ ಯಾವ ಸುತ್ತೋಲೆಯಲ್ಲಿಯೂ ನಾವು ಇಷ್ಟು ವಿನಯವನ್ನು ಕಂಡಿಲ್ಲ.

ಅದೇ ಬಂಡೆಯಲ್ಲಿ ಮತ್ತೊಂದು ವಿನೋದವುಂಟು. ಕೆತ್ತಿದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ತಾನು ಲಿಪಿಕಾರನೆಂಬ ಕೊನೆಯ ಪದವನ್ನು ಮಾತ್ರ ಆತನು ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಬ್ರಹ್ಮಗಿರಿಯ ಜನರಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಯಾರೂ ಓದಲಾಗದ ಅಕ್ಷರದಲ್ಲಿ ಬರೆದು ತನ್ನ ಪಾಂಡಿತ್ಯವನ್ನು ತೋರಿಸಿಕೊಳ್ಳುವ ಚಾಪಲ್ಯವು ಬಹಳ ಹಳೆಯದೆಂದು ಇದರಿಂದ ತಿಳಿಯುತ್ತದೆ. ಈಗ ನಮ್ಮ ಶಾಲೆಗಳಿಗೆ ಬರೋಣ. ಸುಳ್ಯದ ಒಳಗಿನ ಗ್ರಾಮದ ಹುಡುಗಿಯೊಬ್ಬಳು ಮನೆಯಲ್ಲಿ ಅರೆಭಾಷೆಯನ್ನಾಡುತ್ತಾಳೆ. ಅವಳ ಪಕ್ಕದವಳು ತುಳು. ಹಿಂದಿನ ಬೆಂಚಿನವನು ಬ್ಯಾರಿ ಅಥವಾ ಮಲೆಯಾಳ. ಇನ್ನೊಬ್ಬನು ಹವ್ಯಕ ಕನ್ನಡ, ಮತ್ತೊಬ್ಬಳು ಕೊಂಕಣಿ. ಇವರೆಲ್ಲರೂ ಒಂದನೆಯ ಇಯತ್ತೆಯಲ್ಲಿ ಕಲಿಯುವ ಅಕ್ಷರವು ಕನ್ನಡ. ಆ ಮಕ್ಕಳ ಎದುರಿಗೆ ಸಂಸ್ಕೃತದ ವಾಕ್ಯವನ್ನು ನಾಗರೀ ಅಕ್ಷರದಲ್ಲಿ ಬರೆದಿಟ್ಟು, ರಾಷ್ಟ್ರಭಾವನೆಯನ್ನು ಬೆಳೆಸಿದೆವೆಂದು ಸುಮ್ಮನಾದರೆ, ನಾವೂ ಚಪಡನ ವಂಶದವರೇ ಆಗುವೆವು. ಅದು ಅವರಿಗೆ ಚಿತ್ರವಾಗಿ ಕಾಣುವುದೇ ಹೊರತು ಮಾತಾಗಿ ಕೇಳಿಸದು.

ಆದುದರಿಂದ ನಮ್ಮ ಮೊದಲನೆಯ ಸೂಚನೆ ಇದು: ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆಯಿಸಬೇಕು, ಅದರ ಕೆಳಗೆ ತಿಳಿಗನ್ನಡದಲ್ಲಿ ಅರ್ಥವನ್ನು ಬರೆಯಿಸಬೇಕು. ಇದರಿಂದ ರಾಷ್ಟ್ರದ ಐಕ್ಯಕ್ಕೆ ಭಂಗವೆಂದು ಹೇಳುವವರಿದ್ದರೆ ಅವರು ನೆರೆಯ ತಮಿಳುನಾಡನ್ನು ನೋಡಲಿ. ಆ ರಾಜ್ಯದ ಲಾಂಛನದಲ್ಲಿ ಅಶೋಕನ ಸಿಂಹಗಳೂ ಇವೆ, ಗೋಪುರವೂ ಇದೆ. ವಾಕ್ಯವು ಮಾತ್ರ ಅದೇ ಅರ್ಥದ ತಮಿಳು ಮಾತು. ಆಕಾಶ ಕಳಚಿ ಬೀಳಲಿಲ್ಲ. ನಮ್ಮ ಕರ್ನಾಟಕದ ಲಾಂಛನದಲ್ಲಿ ಗಂಡಭೇರುಂಡದ ಕೆಳಗೆ ಈ ವಾಕ್ಯವು ನಾಗರಿಯಲ್ಲಿಯೇ ಇದೆ. ಕನ್ನಡದ ಹೆಸರಿನಲ್ಲಿ ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುವವರು ಇದನ್ನು ಕಂಡೇ ಇಲ್ಲವೋ, ಕಂಡೂ ಸುಮ್ಮನಿದ್ದಾರೋ, ತಿಳಿಯದು.

ಇಲ್ಲಿ ಒಂದು ಕಾನೂನಿನ ಎಚ್ಚರಿಕೆಯನ್ನು ಹೇಳಲೇಬೇಕು. ಉತ್ಸಾಹದಿಂದ ಕೆಲವು ಖಾಸಗಿ ವಿದ್ಯಾಸಂಸ್ಥೆಯವರು ಸಿಂಹಲಾಂಛನವನ್ನೇ ತಮ್ಮ ಬೋರ್ಡಿನ ಮೇಲೂ ಕಾಗದಪತ್ರಗಳ ಮೇಲೂ ಹಾಕಿಕೊಳ್ಳುವುದುಂಟು. ಇದು ಕೂಡದು. ರಾಷ್ಟ್ರಲಾಂಛನದ ಅನುಚಿತ ಬಳಕೆಯನ್ನು ನಿಷೇಧಿಸಿ 2005ರಲ್ಲಿ ಕೇಂದ್ರ ಸರಕಾರದವರು ಕಾಯಿದೆ ಮಾಡಿ, 2007ರಲ್ಲಿ ನಿಯಮಗಳನ್ನು ಹೊರಡಿಸಿದರು. ಅನುಮತಿಯಿಲ್ಲದೆ, ತಾನು ಸರಕಾರಕ್ಕೆ ಸೇರಿದವನೆಂಬ ಭಾವನೆ ಹುಟ್ಟುವಂತೆ ಲಾಂಛನವನ್ನು ಬಳಸಿದವನಿಗೆ ಎರಡು ವರ್ಷಗಳವರೆಗೆ ಸಜೆ, ಐದು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ಆ ಕಾಯಿದೆ ವಿಧಿಸಿತು. ವಾಕ್ಯವಿಲ್ಲದ ಲಾಂಛನವು ಅಪೂರ್ಣವೆಂದೂ ನಿಯಮದ ಭಾವ. ಸಿಂಹಗಳನ್ನು ಬರೆದು ಸತ್ಯವನ್ನು ಬಿಟ್ಟುಬಿಡುವ ಅಭ್ಯಾಸವು ಎಷ್ಟು ಹೆಚ್ಚಿದ್ದರೆ ಸರಕಾರದವರು ಇಷ್ಟು ಬರೆಯಬೇಕಾಯಿತೆಂದು ವಾಚಕರು ಊಹಿಸಬಹುದು. ನಾವು ಹೇಳುವುದು ತದ್ವಿರುದ್ಧ. ಶಾಲೆಯವರು ಸಿಂಹಗಳನ್ನು ಸರಕಾರದ ಕಚೇರಿಗೆ ಬಿಟ್ಟುಕೊಟ್ಟು, ವಾಕ್ಯವನ್ನು ಮಾತ್ರ ತೆಗೆದುಕೊಳ್ಳಲಿ.

ಇನ್ನು ಮತದ ಆಕ್ಷೇಪ. ಈ ವಾಕ್ಯವು ಉಪನಿಷತ್ತಿನದಾದುದರಿಂದ ಒಂದು ಮತಕ್ಕೆ ಸೇರಿದ್ದೆಂದೂ, ಸಂವಿಧಾನದ 28ನೆಯ ಅನುಚ್ಛೇದದ ಪ್ರಕಾರ ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದೆಂದೂ ಹೇಳುವವರು ಇದ್ದಾರೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಬೆಳಿಗ್ಗೆ ಹೇಳಿಸುವ ಸಂಸ್ಕೃತ ಪ್ರಾರ್ಥನೆಯ ವಿಚಾರವಾಗಿ ಇಂತಹ ತಕರಾರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2019ರ ಜನವರಿಯಲ್ಲಿ ಸಂವಿಧಾನ ಪೀಠದ ವಿಚಾರಣೆಗೆ ಯೋಗ್ಯವಾದುದೆಂದು ಒಪ್ಪಿಸಲ್ಪಟ್ಟಿತು. ಆಕ್ಷೇಪವನ್ನು ನಾವು ಹಾಸ್ಯ ಮಾಡುವುದಿಲ್ಲ. ಆದರೆ ಪ್ರಾರ್ಥನೆಗೂ ಧ್ಯೇಯವಾಕ್ಯಕ್ಕೂ ಭೇದವುಂಟು. ಪ್ರಾರ್ಥನೆಯಲ್ಲಿ ಮಗುವು ಯಾರನ್ನೋ ಬೇಡಿಕೊಳ್ಳಬೇಕು; ಇಲ್ಲಿ ಬೇಡಿಕೊಳ್ಳುವುದೇನೂ ಇಲ್ಲ. ಸತ್ಯವು ಗೆಲ್ಲುತ್ತದೆಂಬ ಮಾತನ್ನು ಒಪ್ಪುವುದಕ್ಕೆ ಮುಸಲ್ಮಾನನಾಗಲಿ ಕ್ರೈಸ್ತನಾಗಲಿ ಜೈನನಾಗಲಿ ತನ್ನ ದೇವರನ್ನು ಬಿಡಬೇಕಾಗಿಲ್ಲ. ದೇವರನ್ನೇ ಒಪ್ಪದವನಿಗಂತೂ ಸತ್ಯವಲ್ಲದೆ ಬೇರೆ ಆಸ್ತಿಯೇ ಇಲ್ಲ.

ಆದರೆ ತೋರಿಸುವುದು ಬೇರೆ, ಹೇಳಿಸುವುದು ಬೇರೆ. ಈ ಗೆರೆಯನ್ನು ದಾಟಬಾರದು. ಗೋಡೆಯ ಮೇಲೆ ಬರೆದದ್ದನ್ನು ಮಗುವು ಓದಬಹುದು, ಬಿಡಬಹುದು. ಅದನ್ನು ಬಾಯಿಬಿಟ್ಟು ಹೇಳದವನನ್ನು ಹೊರಗೆ ಹಾಕುವೆವೆಂದರೆ ಮಾತು ಕೆಡುತ್ತದೆ. 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಒಂದು ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಂತರು, ಹಾಡಲಿಲ್ಲ. ಶಾಲೆಯಿಂದ ಅವರನ್ನು ತೆಗೆದುಹಾಕಿದರು. ಮರುವರ್ಷ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತರು. ಆ ತೀರ್ಪಿನಿಂದ ರಾಷ್ಟ್ರಗೀತೆಯ ಗೌರವವು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲವೆಂದು ನಾವು ತಿಳಿದಿದ್ದೇವೆ.

ಅಮೇರಿಕಾ ದೇಶದ ವೃತ್ತಾಂತವು ಇದಕ್ಕಿಂತ ಸ್ವಾರಸ್ಯವಾದದ್ದು. ಅನೇಕದಿಂದ ಏಕ ಎಂಬ ಅರ್ಥದ ಲ್ಯಾಟಿನ್ ಮಾತು 1782ರಿಂದ ಅವರ ಮುದ್ರೆಯ ಮೇಲಿತ್ತು. ರಷ್ಯದ ಭಯವು ಬಲವಾಗಿದ್ದ 1956ರಲ್ಲಿ ತಾವು ದೇವರಲ್ಲಿ ನಂಬಿಕೆಯಿಟ್ಟವರೆಂಬ ಅರ್ಥದ ಬೇರೆ ವಾಕ್ಯವನ್ನು ರಾಷ್ಟ್ರದ ಧ್ಯೇಯವಾಕ್ಯವೆಂದು ಅವರು ಕಾನೂನು ಮಾಡಿದರು. ಈಚೆಗೆ ಟೆನ್ನೆಸೀ, ಫ್ಲಾರಿಡಾ, ಸೌತ್ ಡಕೋಟಾ ಮುಂತಾದ ಸಂಸ್ಥಾನಗಳು ಅದನ್ನು ಸರಕಾರಿ ಶಾಲೆಗಳಲ್ಲಿ ತೂಗಹಾಕಬೇಕೆಂದು ವಿಧಿಸಿದವು. ಟೆಕ್ಸಾಸಿನವರು 2021ರಲ್ಲಿ, ಯಾರಾದರೂ ಆ ಫಲಕವನ್ನು ದಾನವಾಗಿ ಕೊಟ್ಟರೆ ಶಾಲೆಯವರು ಹಾಕಲೇಬೇಕೆಂದು ನಿಯಮಿಸಿದರು. ಮರುವರ್ಷ ಅಲ್ಲಿಯ ಸೌತ್‌ಲೇಕ್ ಎಂಬ ಊರಿನಲ್ಲಿ ಒಬ್ಬರು ಅದೇ ವಾಕ್ಯವನ್ನು ಅರಬ್ಬೀ ಭಾಷೆಯಲ್ಲಿ ಬರೆದ ಫಲಕವನ್ನು ತಂದುಕೊಟ್ಟರು. ತಮ್ಮಲ್ಲಿ ಫಲಕಗಳು ಸಾಕಷ್ಟಿವೆಯೆಂದು ಶಾಲಾಮಂಡಳಿಯವರು ಹಿಂದಿರುಗಿಸಿದರು! ವಾಕ್ಯ ಅದೇ, ಅರ್ಥ ಅದೇ, ಅಕ್ಷರ ಮಾತ್ರ ಬೇರೆ. ಅವರ ದೇವರಿಗೆ ಇಂಗ್ಲಿಷು ಮಾತ್ರ ಬರುವುದೆಂದು ಕಾಣುತ್ತದೆ. ನಾಳೆ ನಮ್ಮ ಸುಳ್ಯದ ಒಂದು ಶಾಲೆಗೆ ಯಾರಾದರೂ ಬಂದು, ಸತ್ಯದ ಈ ಮಾತನ್ನು ಅರೆಭಾಷೆಯಲ್ಲಿಯೋ ತುಳುವಿನಲ್ಲಿಯೋ ಬ್ಯಾರಿಯಲ್ಲಿಯೋ ಬರೆದು ಕನ್ನಡದ ಸಾಲಿನ ಕೆಳಗೆ ಹಾಕುತ್ತೇವೆಂದರೆ, ಸಂತೋಷದಿಂದ ಜಾಗ ಬಿಡಬೇಕೆಂದು ನಾವು ಈಗಲೇ ಹೇಳಿಬಿಡುತ್ತೇವೆ. ಫ್ರಾನ್ಸಿನಲ್ಲಿ 2013ರ ಕಾನೂನು ರಾಷ್ಟ್ರದ ಮೂರು ಮಾತುಗಳನ್ನು ಶಾಲೆಯ ಮುಂಭಾಗದಲ್ಲಿ ಬರೆಯಬೇಕೆಂದು ವಿಧಿಸಿದೆ. ಒಳಗೆ ಮನುಷ್ಯನ ಹಕ್ಕುಗಳ ಘೋಷಣೆಯನ್ನೂ ಹಾಕಬೇಕು. ಹೊರಗೆ ಮಾತು, ಒಳಗೆ ಅದರ ವಿವರಣೆ ಎಂಬ ಕ್ರಮವು ನಮಗೂ ಒಪ್ಪತಕ್ಕದ್ದು.

ನಮ್ಮಲ್ಲಿಯೂ ವಿವರಣೆಯ ಭಾಗವು ಆರಂಭವಾಗಿದೆ. 2023ರ ಜೂನ್ ತಿಂಗಳಲ್ಲಿ ರಾಜ್ಯದ ಮಂತ್ರಿಮಂಡಲವು ಶಾಲೆ ಕಾಲೇಜುಗಳಲ್ಲಿ ದಿನವೂ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದೂ ಕಚೇರಿಗಳಲ್ಲಿ ಅದನ್ನು ತೂಗಹಾಕಬೇಕೆಂದೂ ನಿರ್ಣಯಿಸಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಾಮೂಹಿಕ ವಾಚನವೂ ನಡೆಯಿತು. ನಿರ್ಣಯವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮಗ್ಗಿಯನ್ನು ಒಪ್ಪಿಸುವಂತೆ ಮಕ್ಕಳು ಪೀಠಿಕೆಯನ್ನು ಒಂದೇ ಉಸಿರಿಗೆ ಒಪ್ಪಿಸಿ ಕುಳಿತುಕೊಳ್ಳುವುದನ್ನು ನಾವು ಒಂದು ಶಾಲೆಯಲ್ಲಿ ಕಣ್ಣಾರೆ ಕಂಡೆವು. ನ್ಯಾಯ ಎಂದರೇನೆಂದು ಒಬ್ಬ ಹುಡುಗನನ್ನು ಕೇಳಿದ್ದಕ್ಕೆ, ಅದು ಸಾಮಾಜಿಕ, ಆರ್ಥಿಕ, ರಾಜಕೀಯ ಎಂದು ಮೂರು ವಿಧವೆಂದು ಥಟ್ಟನೆ ಉತ್ತರಿಸಿದನು. ಹುಡುಗನ ತಪ್ಪಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ಸತ್ಯವು ಗೆಲ್ಲುತ್ತದೆಂದು ಬರೆದ ಗೋಡೆಯ ಕೆಳಗೆ ಕುಳಿತು ಪರೀಕ್ಷೆ ಬರೆಯುವ ಮಗುವಿಗೆ, ಸುಳ್ಳು ಗೆಲ್ಲುವುದು ಕಣ್ಣೆದುರಿಗೆ ಕಂಡರೆ, ಆ ವಾಕ್ಯದ ಗತಿಯೇನು? 2023ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದಲ್ಲಿ ನೂರಕ್ಕೆ 83.89ರಷ್ಟು ಮಕ್ಕಳು ತೇರ್ಗಡೆಯಾದರು. 2024ರಲ್ಲಿ ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ವೆಬ್‌ಕಾಸ್ಟಿಂಗ್ ಮೂಲಕ ನೋಡುವ ಏರ್ಪಾಡಾಯಿತು. ಫಲಿತಾಂಶವು 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಎಂದಿಗಿಂತ ಹೆಚ್ಚಿಸಿದ ಮೇಲೆ. ಕೃಪಾಂಕದ ಆ ಔದಾರ್ಯವನ್ನು ನಿಲ್ಲಿಸಿದ 2025ರಲ್ಲಿ ಮೊದಲನೆಯ ಪರೀಕ್ಷೆಯ ಫಲ 62.34. ಎರಡು ವರ್ಷಗಳಲ್ಲಿ ನಮ್ಮ ಮಕ್ಕಳ ಬುದ್ಧಿಯು ಇಷ್ಟೊಂದು ಕುಗ್ಗಿತೆಂದು ನಂಬುವವರು ಯಾರೂ ಇರಲಾರರು. ಕುಗ್ಗಿದ್ದು ಬೇರೆಯೇ. ಮೊದಲು ಅಗ್ರಸ್ಥಾನಗಳಲ್ಲಿದ್ದ ಜಿಲ್ಲೆಗಳು ಕೆಳಗಿಳಿದವು. ಅಷ್ಟೇನೂ ಮೇಲಿಲ್ಲದ ನಮ್ಮ ದಕ್ಷಿಣ ಕನ್ನಡವು 2024ರಲ್ಲಿ ಉಡುಪಿಯ ತರುವಾಯ ಎರಡನೆಯದಾಗಿ 92.12, ಮತ್ತು 2025ರಲ್ಲಿ ಮೊದಲನೆಯದಾಗಿ 91.12 ಪಡೆಯಿತು. ಜಿಲ್ಲೆಯವರು ಹೆಮ್ಮೆಪಡುವುದು ಸಹಜ. ನಾವೂ ಪಟ್ಟೆವು. ಆದರೆ ಈ ಅಂಕಿಗಳಲ್ಲಿ ಹೆಮ್ಮೆಗಿಂತ ದುಃಖದ ಭಾಗವೇ ಹೆಚ್ಚು. ಯಾರೂ ನೋಡದ ವರ್ಷಗಳಲ್ಲಿ ತಾನೇ ಬರೆದು ತೊಂಬತ್ತು ಪಡೆದ ಕಡಬದ ಹುಡುಗಿಯು, ಬೇರೆಯವರಿಂದ ಬರೆಯಿಸಿಕೊಂಡು ತೊಂಬತ್ತೈದು ಪಡೆದವನ ಹಿಂದೆ ಎಷ್ಟು ಸಲ ಸಾಲಿನಲ್ಲಿ ನಿಂತಳೋ! ಅವಳಿಗೆ ಯಾರೂ ಆ ಸೀಟನ್ನು ಮರಳಿ ಕೊಡಲಾರರು. ಸತ್ಯವು ಗೆಲ್ಲುವುದಕ್ಕೆ ಕ್ಯಾಮರಾ ಬೇಕಾಯಿತೆಂಬುದು ಧ್ಯೇಯವಾಕ್ಯಕ್ಕೆ ಒಂದು ಅವಮಾನವೇ ಸರಿ. ಆದರೂ ಕ್ಯಾಮರಾ ಬೇಡವೆಂದು ನಾವು ಹೇಳಲಾರೆವು.

ಇದನ್ನು ಬರೆಯುವಾಗ ನಮ್ಮ ಬಾಲ್ಯದ ಒಂದು ಸಂಗತಿಯು ಮನಸ್ಸಿಗೆ ಬರುತ್ತಿದೆ. ಶಾಲೆಯ ಹೆಸರು ಬೇಡ. ತನಿಖೆಗೆ ಮೇಲಧಿಕಾರಿಗಳು ಬರುವ ದಿನ ಬೆಳಿಗ್ಗೆ ನಮ್ಮ ಮಾಸ್ತರು ನಮ್ಮನ್ನು ಹತ್ತಿರ ಕರೆದು, ಇಂತಹವನ ಹೆಸರನ್ನು ಕೂಗಿದಾಗ ನೀನೇ ಎದ್ದು ಹಾಜರೆಂದು ಹೇಳಬೇಕೆಂದರು. ಆ ಹುಡುಗನು ಶಾಲೆ ಬಿಟ್ಟು ಆರು ತಿಂಗಳಾಗಿತ್ತು. ಒಂದು ತೋಟದಲ್ಲಿ ಅಡಿಕೆ ಹೆಕ್ಕುವುದಕ್ಕೆ ಹೋಗುತ್ತಿದ್ದನು. ಪಟ್ಟಿಯಲ್ಲಿ ಹೆಸರು ಕಡಿಮೆಯಾದರೆ ಒಬ್ಬ ಮಾಸ್ತರ ಹುದ್ದೆಯೇ ಹೋಗಬಹುದೆಂಬ ಭಯ ಅವರದು. ಕೆಟ್ಟ ಮನುಷ್ಯರಲ್ಲ, ಬಡ ಮನುಷ್ಯರು. ಹೆಸರು ಕೂಗಿದಾಗ ನಾವು ಎದ್ದು ಹಾಜರೆಂದೆವು. ಅಧಿಕಾರಿಗಳು ಕುಳಿತ ಕುರ್ಚಿಯ ಮೇಲುಗಡೆ ಗೋಡೆಯಲ್ಲಿ ಕೆಂಪಕ್ಷರದಿಂದ ಸತ್ಯವನ್ನೇ ನುಡಿಯಬೇಕೆಂದು ಬರೆದಿತ್ತು. ಆ ಅಕ್ಷರಗಳನ್ನು ನೋಡುತ್ತಲೇ ಸುಳ್ಳು ಹೇಳಿದೆವು. ಅಧಿಕಾರಿಗಳು ತೃಪ್ತರಾಗಿ ಹೋದರು. ಆ ಹುಡುಗನು ಮುಂದೆ ಶಾಲೆಗೆ ಬರಲೇ ಇಲ್ಲ, ಏಕೆಂದರೆ ಅವನು ಬಂದಿಲ್ಲವೆಂಬ ವಿಷಯವೇ ಯಾರಿಗೂ ತಿಳಿಯಲಿಲ್ಲ. ನಾವು ಅವನ ಪರವಾಗಿ ಹಾಜರಾಗಿದ್ದೆವಲ್ಲ. ಗೋಡೆಯ ಮೇಲಣ ವಾಕ್ಯವನ್ನು ಕುರಿತು ನಮಗಿರುವ ಶ್ರದ್ಧೆಗೂ ಸಂಶಯಕ್ಕೂ ಮೂಲವು ಆ ದಿನವೇ.

ಹೀಗಿರುವಾಗ ಬರೆಯುವುದರಿಂದ ಏನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನ ಇಷ್ಟುಂಟು: ಆ ಕೆಂಪಕ್ಷರಗಳು ಅಲ್ಲಿ ಇಲ್ಲದಿದ್ದರೆ, ಹೇಳಿದ್ದು ಸುಳ್ಳೆಂಬುದು ನಮಗೆ ನಲವತ್ತು ವರ್ಷಗಳ ತರುವಾಯ ನೆನಪಿರುತ್ತಿರಲಿಲ್ಲ. ಬರೆದ ಮಾತು ಯಾರನ್ನೂ ಸತ್ಯವಂತನನ್ನಾಗಿ ಮಾಡಲಾರದು. ತಪ್ಪಿದವನಿಗೆ ತಪ್ಪಿದೆನೆಂದು ತಿಳಿಸಬಲ್ಲದು. ಮುಂಡಕದಲ್ಲಿ ಸುಳ್ಳು ಗೆಲ್ಲುವುದಿಲ್ಲವೆಂಬ ಮಾತೂ ಈ ವಾಕ್ಯದ ಬೆನ್ನಿಗೇ ಇದೆ. ಲಾಂಛನದಲ್ಲಿ ಸ್ಥಳ ಸಾಲದೆ ಅದನ್ನು ಬಿಟ್ಟಿರಬೇಕು. ಶಾಲೆಯ ಗೋಡೆಯಲ್ಲಿ ಸ್ಥಳಕ್ಕೇನೂ ಕೊರತೆಯಿಲ್ಲ. ಕೆಳಗಿನ ಕನ್ನಡದ ಅರ್ಥದಲ್ಲಿ ಅದನ್ನೂ ಸೇರಿಸಬಹುದು.

ಈ ಭಾಗದ ಮಣ್ಣಿಗೆ ಈ ಮಾತು ಹೊಸದೂ ಅಲ್ಲ. 1934ರ ಫೆಬ್ರವರಿಯಲ್ಲಿ ತಮ್ಮ ಹರಿಜನ ಪ್ರವಾಸದಲ್ಲಿ ಗಾಂಧೀಜಿಯವರು ಕೊಡಗಿನಿಂದ ಘಟ್ಟವಿಳಿದು ಸುಳ್ಯ ಪುತ್ತೂರುಗಳ ಮಾರ್ಗವಾಗಿ ಮಂಗಳೂರಿಗೆ ಹೋದರು. ತಮ್ಮ ಜೀವನವನ್ನೇ ಸತ್ಯದ ಪ್ರಯೋಗವೆಂದು ಕರೆದವರು ಅವರು. ಅದೇ ಕಾಲದಲ್ಲಿ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸುತ್ತ, ಕನ್ನಡದ ಮಕ್ಕಳಿಗಾಗಿ ಬಾಲಪ್ರಪಂಚವೆಂಬ ವಿಶ್ವಕೋಶವನ್ನು ಒಬ್ಬರೇ ಬರೆದರು. ಮಗುವು ಕೇಳುವ ಪ್ರಶ್ನೆಗೆ ಸುಳ್ಳು ಉತ್ತರ ಕೊಡಬಾರದೆಂಬ ಹಟವಿಲ್ಲದವನು ಅಂತಹ ಗ್ರಂಥಕ್ಕೆ ಕೈಹಾಕಲಾರನು. 2024ರ ವಿವಾದದಲ್ಲಿ ಮಾತನಾಡಿದವರಲ್ಲಿ ಯಾರಾದರೂ ಬಾಲವನಕ್ಕೆ ಒಂದು ದಿನ ಬಂದು ಹೋಗಿದ್ದರೆ ಒಳ್ಳೆಯದಿತ್ತು.

ಇನ್ನು ಕೆಲಸದ ಮಾತು. ಇದಕ್ಕೆ ಬೆಂಗಳೂರಿನ ಆಜ್ಞೆಯನ್ನು ಕಾಯುವುದು ಬೇಡ. ಆಜ್ಞೆಯಿಂದ ಬಂದದ್ದು ಇನ್ನೊಂದು ಆಜ್ಞೆಯಿಂದ ಹೋಗುವುದು. ಪ್ರತಿ ಸರಕಾರಿ ಶಾಲೆಯಲ್ಲಿಯೂ ಹೆತ್ತವರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ಆ ಸಮಿತಿಯವರು ಕುಳಿತು ನಿರ್ಣಯಿಸಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಅಡ್ಡಿ ಮಾಡದಿದ್ದರೆ ಅದೇ ದೊಡ್ಡ ಉಪಕಾರ. ಖರ್ಚು ಒಂದು ಡಬ್ಬಿ ಎಣ್ಣೆಬಣ್ಣ, ಒಬ್ಬ ಪೈಂಟರನ ಅರ್ಧ ದಿನದ ಕೂಲಿ. ಈ ಅಲ್ಪ ಖರ್ಚನ್ನು ಕೊಡುವ ಮಹನೀಯರು ದಯವಿಟ್ಟು ತಮ್ಮ ಹೆಸರನ್ನು ಕೆಳಗೆ ಬರೆಯಿಸದಿರಲಿ. ಈಗಲೇ ನಮ್ಮ ಶಾಲೆಗಳ ಗೋಡೆ, ಕುರ್ಚಿ, ಗಡಿಯಾರ, ನೀರಿನ ಟ್ಯಾಂಕುಗಳ ಮೇಲೆ ದಾನಿಗಳ ಹೆಸರುಗಳು ಮಕ್ಕಳ ಹೆಸರುಗಳಿಗಿಂತ ಹೆಚ್ಚಾಗಿವೆ. ಯಾವ ಸಚಿವರ, ಯಾವ ಶಾಸಕರ ಭಾವಚಿತ್ರವೂ ಆ ವಾಕ್ಯದ ಪಕ್ಕದಲ್ಲಿ ಬೇಡ.

ಕಾಲೇಜುಗಳ ವಿಚಾರವು ಸ್ವಲ್ಪ ಬೇರೆ. ಪುತ್ತೂರು ಸುಳ್ಯಗಳ ದೊಡ್ಡ ಕಾಲೇಜುಗಳು ತಮ್ಮ ತಮ್ಮ ಧ್ಯೇಯಗಳನ್ನಿಟ್ಟುಕೊಂಡು ದಶಕಗಳಿಂದ ನಡೆದುಬಂದಿವೆ. ಅವುಗಳನ್ನು ತೆಗೆದು ಇದನ್ನು ಹಾಕಿರೆಂದು ಹೇಳುವುದು ಅವಿವೇಕ. ಪರೀಕ್ಷೆಯ ಸಭಾಂಗಣದಲ್ಲಿ ಮಾತ್ರ ಇದೊಂದು ವಾಕ್ಯವಿದ್ದರೆ ಸಾಕು, ಮತ್ತು ಅದು ವಿದ್ಯಾರ್ಥಿಗಳಿಗೆ ಕಾಣುವಷ್ಟೇ ಸ್ಪಷ್ಟವಾಗಿ ಮೇಲ್ವಿಚಾರಕರಿಗೂ ಕಾಣುವ ಕಡೆ ಇರಲಿ.

ಕೊನೆಯದಾಗಿ ಪೈಂಟರರಿಗೆ ಒಂದು ಮಾತು. ನಮ್ಮ ಸೀಮೆಯ ಮಳೆ ಎಂತಹದೆಂದು ಹೇಳಬೇಕಾಗಿಲ್ಲ. ಹೊರಗೋಡೆಯ ಮೇಲೆ ಬರೆದದ್ದು ಆಟಿ ತಿಂಗಳು ಕಳೆಯುವುದರೊಳಗೆ ಹಾವಸೆ ಹಿಡಿದು, ಮರುವರ್ಷ ಅರ್ಧ ಅಕ್ಷರ ಉಳಿಯುತ್ತದೆ. ಶಾಲೆ ತೆರೆಯುವ ಮೊದಲು, ಮೇ ತಿಂಗಳ ಬಿಸಿಲು ಇರುವಾಗಲೇ, ಜಗಲಿಯ ಒಳಗೋಡೆಯಲ್ಲಿ, ಒಂದನೆಯ ಇಯತ್ತೆಯ ಮಗುವಿನ ಕಣ್ಣಿನ ಎತ್ತರಕ್ಕೆ ಬರೆಯಿರಿ.